ಯಾವ ಬೋಲ್ಟಿಗೆ ಎಷ್ಟರ ಬಿಟ್? ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ಡ್ರಿಲ್ ಬಿಟ್‌ಗಳಿಗೆ ಸಾಣೆ ಹಿಡಿಯುವ ಕ್ರಮವನ್ನು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಸಾಣೆಯ ಮಾತನ್ನು ಬದಿಗಿಟ್ಟು ಬಿಟ್‌ನ ಅಳತೆಯನ್ನೇ ಹಿಡಿದುಕೊಂಡಿವೆ. ಮಳೆ ಹಿಂದೆ ಸರಿದು, ಅಡಿಕೆ ಕೊಯ್ಲಿಗೆಂದು ಯಂತ್ರಗಳನ್ನು ಕೊಟ್ಟಿಗೆಯಿಂದ ಹೊರಗೆ ತೆಗೆಯುವ ಹೊತ್ತು ಇದಾದ್ದರಿಂದ ಅದು ಸಹಜವೇ. ಈ ಬಾರಿಯ ಪುಟಗಳನ್ನು ಪೂರ್ತಿಯಾಗಿ ಆ ಪತ್ರಗಳಿಗೇ ಬಿಟ್ಟಿದ್ದೇನೆ.

ಪ್ರಶ್ನೆ: ಅಡಿಕೆ ಸುಲಿಯುವ ಯಂತ್ರದ ಎರಕದ ಬ್ರಾಕೆಟ್‌ನಲ್ಲಿ 8 ಮಿ.ಮೀ. ಬೋಲ್ಟಿಗೆ ಹೊಸದಾಗಿ ಥ್ರೆಡ್ ಹಾಕಬೇಕಿತ್ತು. ನನ್ನಲ್ಲಿದ್ದ 6.5ರ ಬಿಟ್‌ನಿಂದ ತೂತು ಕೊರೆದು ಟ್ಯಾಪ್ (ತೂತಿನೊಳಗೆ ಥ್ರೆಡ್ ಕೊರೆಯುವ ಉಪಕರಣ) ಇಳಿಸಿದಾಗ ಟ್ಯಾಪ್ ಅರ್ಧದಲ್ಲೇ ಮುರಿದು ಒಳಗೆ ಉಳಿಯಿತು. ಅಂಗಡಿಯವರು 7ರ ಬಿಟ್ ಹಾಕಬೇಕಿತ್ತು ಎನ್ನುತ್ತಾರೆ, ನೆರೆಯ ವೆಲ್ಡರ್ 6.8 ಎನ್ನುತ್ತಾರೆ. ಯಾರ ಮಾತು ಸರಿ? – ಅಡಿಕೆ ಬೆಳೆಗಾರರು, ಸಾಗರ ತಾಲ್ಲೂಕು

ಉತ್ತರ: ವೆಲ್ಡರ್ ಹೇಳಿದ್ದು ಸರಿ, ಅಂಗಡಿಯವರು ಹೇಳಿದ್ದೂ ತಪ್ಪಲ್ಲ. ತಪ್ಪಿದ್ದು 6.5 ಮಾತ್ರ.

ಮೆಟ್ರಿಕ್ ಥ್ರೆಡ್‌ಗೆ ಎಷ್ಟು ತೂತು ಬೇಕೆಂದು ತಿಳಿಯಲು ಪುಸ್ತಕ ಹುಡುಕಬೇಕಾಗಿಲ್ಲ. ಬೋಲ್ಟಿನ ಹೊರ ವ್ಯಾಸದಲ್ಲಿ ಪಿಚ್ ಅನ್ನು, ಅಂದರೆ ಒಂದು ಥ್ರೆಡ್‌ನ ಏಣಿನಿಂದ ಮುಂದಿನ ಏಣಿಗಿರುವ ಅಂತರವನ್ನು ಕಳೆದರೆ ಉಳಿಯುವುದೇ ಬಿಟ್‌ನ ಅಳತೆ. ಎಂ8, ಅಂದರೆ 8 ಮಿ.ಮೀ. ದಪ್ಪದ ಮೆಟ್ರಿಕ್ ಬೋಲ್ಟಿನ ಸಾಮಾನ್ಯ ಪಿಚ್ 1.25 ಮಿ.ಮೀ.; ಎಂಟರಲ್ಲಿ ಅದನ್ನು ಕಳೆದರೆ 6.75. ಆ ಅಳತೆಯ ಬಿಟ್ ಅಂಗಡಿಯಲ್ಲಿ ಸುಲಭವಾಗಿ ಸಿಗದ ಕಾರಣ 6.8 ರೂಢಿಗೆ ಬಂದಿದೆ. ಇದೇ ಲೆಕ್ಕದಲ್ಲಿ 0.8 ಪಿಚ್ಚಿನ ಎಂ5ಗೆ 4.2, 1 ಪಿಚ್ಚಿನ ಎಂ6ಗೆ 5, 1.5 ಪಿಚ್ಚಿನ ಎಂ10ಗೆ 8.5, 1.75 ಪಿಚ್ಚಿನ ಎಂ12ಗೆ 10.2 ಬರುತ್ತದೆ. ಅದೇ ಎಂ10 ಬೋಲ್ಟು ಸಣ್ಣ ಥ್ರೆಡ್ಡಿನದಾಗಿ 1.25 ಪಿಚ್ ಹೊಂದಿದ್ದರೆ 8.8 ಬೇಕಾಗುತ್ತದೆ. ಆದ್ದರಿಂದ ‘ಹತ್ತರ ಬೋಲ್ಟಿಗೆ ಎಷ್ಟು?’ ಎಂಬ ಪ್ರಶ್ನೆಗೆ ಪಿಚ್ ತಿಳಿಯದೆ ಉತ್ತರವಿಲ್ಲ.

ಈ ಕಳೆಯುವ ಲೆಕ್ಕವು ಥ್ರೆಡ್ಡನ್ನು ಪೂರ್ತಿ ಎತ್ತರಕ್ಕೆ ತುಂಬಿಸುವುದಿಲ್ಲ, ಸುಮಾರು ಮುಕ್ಕಾಲು ಪಾಲಿಗೆ ತಂದು ನಿಲ್ಲಿಸುತ್ತದೆ. ನಿಮ್ಮ ಮೂರು ಬಿಟ್‌ಗಳನ್ನೇ ಲೆಕ್ಕಕ್ಕೆ ತೆಗೆದುಕೊಂಡರೆ, 6.8ರ ತೂತಿನಲ್ಲಿ ಥ್ರೆಡ್ ಸುಮಾರು ಶೇ. 74ರಷ್ಟು ತುಂಬುತ್ತದೆ, 7ರಲ್ಲಿ ಶೇ. 62ರಷ್ಟು, 6.5ರಲ್ಲಿ ಶೇ. 92ರಷ್ಟು. ಬೋಲ್ಟಿನ ವ್ಯಾಸಕ್ಕೂ ತೂತಿಗೂ ಇರುವ ವ್ಯತ್ಯಾಸವನ್ನು ಪಿಚ್ಚಿನ 1.3 ಪಟ್ಟಿನಿಂದ ಭಾಗಿಸಿದರೆ ಈ ಅಂಕಿಗಳು ಯಾರಿಗಾದರೂ ಸಿಗುತ್ತವೆ. ಹೆಚ್ಚು ತುಂಬಿದಷ್ಟೂ ಹಿಡಿತ ಹೆಚ್ಚೆಂದು ತೋರುವುದು ಸಹಜ. ಆದರೆ ಮುಕ್ಕಾಲರಿಂದ ಪೂರ್ತಿಗೆ ಏರಿಸಿದರೆ ಸಿಗುವ ಬಲ ಶೇ. 5ರಷ್ಟು ಮಾತ್ರ, ಟ್ಯಾಪ್ ತಿರುಗಿಸಲು ಬೇಕಾಗುವ ಶ್ರಮವೋ ಹಲವು ಪಟ್ಟು. ನಿಮ್ಮ ಟ್ಯಾಪ್ ಮುರಿದದ್ದು ಆ ಶೇ. 5ರ ಆಸೆಗೆ ಎಂದು ತಿಳಿಯಿರಿ.

ಹಾಗಾದರೆ 7ನ್ನೇ ಹಾಕಿದ್ದರೆ? ಬೋಲ್ಟು ತನ್ನ ದಪ್ಪದ ಒಂದೂವರೆ ಪಟ್ಟು ಆಳಕ್ಕೆ ಇಳಿಯುವಷ್ಟು ಎರಕದ ದಪ್ಪವಿದ್ದರೆ, ಅಂದರೆ ನಿಮ್ಮ ಬೋಲ್ಟಿಗೆ 12 ಮಿ.ಮೀ. ಇದ್ದರೆ, ಏನೂ ಆಗುತ್ತಿರಲಿಲ್ಲ. ಬ್ರಾಕೆಟ್ ತೆಳುವಾಗಿದ್ದರೆ ಮಾತ್ರ ನಾನು 6.8 ಬಿಟ್ಟು ಬೇರೆ ಹಾಕಲಾರೆ, ಏಕೆಂದರೆ ಸುಲಿಯುವ ಯಂತ್ರ ದಿನವಿಡೀ ನಡುಗುತ್ತಿರುತ್ತದೆ. ಕೈಯಲ್ಲಿ ಹಿಡಿದ ಡ್ರಿಲ್ ಮೆಷಿನ್ ಹೇಗೂ ತೂತನ್ನು ಕೂದಲೆಳೆಯಷ್ಟು ದೊಡ್ಡದು ಮಾಡಿಯೇ ಮಾಡುತ್ತದೆ. ಸಾಣೆಯಲ್ಲಿ ಬಿಟ್‌ನ ಒಂದು ತುಟಿ, ಅಂದರೆ ಕೊರೆಯುವ ಅಂಚು, ಉದ್ದವಾಗಿದ್ದರೆ ಇನ್ನೂ ದೊಡ್ಡದು. ಮೇಲೆ ಬರೆದ 6.8 ಎಂಬುದು ತೂತಿನ ಅಳತೆ ಎಂಬುದನ್ನು ಮರೆಯಬಾರದು. ಅನುಮಾನ ಬಂದರೆ 6.8ರ ಬಿಟ್‌ನ ನಯವಾದ ಹಿಡಿಯನ್ನೇ ತೂತಿಗೆ ಇಳಿಸಿ ನೋಡಿ. ಲಬಲಬ ಅಲ್ಲಾಡಿದರೆ ಬಿಟ್ ಸಾಣೆಗೆ ಹೋಗಬೇಕಾಗಿದೆ.

ತೂತು ಆಚೆಗೆ ಪಾರಾಗಿತ್ತೇ, ತಳವಿದ್ದ ತೂತೇ ಎಂಬುದನ್ನು ನೀವು ಬರೆದಿಲ್ಲ. ತಳವಿದ್ದರೆ ಮುರಿಯಲು ಇನ್ನೊಂದು ಕಾರಣವೂ ಇದ್ದೀತು. ಎರಕದ ಕಬ್ಬಿಣದ ಪುಡಿ ತಳದಲ್ಲಿ ಕೂತು ಗಟ್ಟಿಯಾಗುತ್ತದೆ, ಟ್ಯಾಪ್‌ನ ಮೂಗು ಅದಕ್ಕೆ ತಾಗುತ್ತದೆ, ತಿರುಗಿಸುವವರಿಗೆ ಥ್ರೆಡ್ ಬಿಗಿಯಾಯಿತೆಂದೇ ತೋರುತ್ತದೆ. ಅಂಥಲ್ಲಿ ಬೇಕಾದ ಥ್ರೆಡ್ ಆಳಕ್ಕಿಂತ ನಾಲ್ಕೈದು ಪಿಚ್ ಹೆಚ್ಚಾಗಿ ಕೊರೆಯಬೇಕು. ಮೂರರ ಸೆಟ್ಟಿನಲ್ಲಿ ಮೊನಚು ಇಳಿಜಾರಿನ ಮೊದಲ ಟ್ಯಾಪ್, ಆಮೇಲೆ ಎರಡನೆಯದು, ಕೊನೆಗೆ ಚಪ್ಪಟೆ ಮೂಗಿನದು ಎಂಬ ಕ್ರಮ ತಪ್ಪಿಸಬಾರದು. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಎರಕದ ಕಬ್ಬಿಣಕ್ಕೆ ಎಣ್ಣೆ ಬೇಡ, ಪುಡಿ ಅದರಲ್ಲಿ ಕಲಸಿ ಕೆಸರಾಗುತ್ತದೆ. ಸೈಕಲ್ ಪಂಪಿನಿಂದ ಊದಿದರೆ ಸಾಕು, ಊದುವಾಗ ಕಣ್ಣಿಗೆ ಕನ್ನಡಕವಿರಲಿ.

ಒಳಗೆ ಉಳಿದ ತುಂಡನ್ನು ಬಿಟ್ ಹಾಕಿ ಕೊರೆಯಲು ಹೋಗಬೇಡಿ, ಟ್ಯಾಪ್ ಕೂಡ ಬಿಟ್‌ನಷ್ಟೇ ಗಟ್ಟಿ. ಬ್ರಾಕೆಟ್ ಬಿಚ್ಚಿಕೊಂಡು ಶಿವಮೊಗ್ಗ ಅಥವಾ ಭದ್ರಾವತಿಯ ಕಡೆ ಸ್ಪಾರ್ಕ್ ಎರೋಷನ್ ಯಂತ್ರವಿರುವ ಕಾರ್ಯಾಗಾರವನ್ನು ವಿಚಾರಿಸಿ. ಅದು ವಿದ್ಯುತ್ ಕಿಡಿಯಿಂದ ತುಂಡನ್ನು ತಿಂದು ಹಾಕುತ್ತದೆ, ಎರಕಕ್ಕೆ ಪೆಟ್ಟಿಲ್ಲ.

ಪ್ರಶ್ನೆ: ಬೋಲ್ಟು ಬರೀ ತೂರಿ ಹೋಗಿ ಹಿಂದೆ ನಟ್ ಕೂರುವ ಕಡೆ ಎಷ್ಟು ಸಡಿಲ ಬಿಡಬೇಕು? – ಫ್ಯಾಬ್ರಿಕೇಷನ್ ಕೆಲಸ ಕಲಿಯುತ್ತಿರುವವರು, ಶಿವಮೊಗ್ಗ

ಉತ್ತರ: ಸಾಮಾನ್ಯ ಕೆಲಸಕ್ಕೆ ಪ್ರಮಾಣಿತ ಪಟ್ಟಿ ಹೇಳುವುದು ಎಂ6ಗೆ 6.6, ಎಂ8ಗೆ 9, ಎಂ10ಗೆ 11, ಎಂ12ಗೆ 13.5. ಭಾಗಗಳು ಪಕ್ಕಕ್ಕೆ ಜರುಗದಂತೆ ಕೂರಬೇಕಾದಲ್ಲಿ ಎಂ6ಗೆ 6.4, ಎಂ8ಗೆ 8.4, ಎಂ10ಗೆ 10.5ಕ್ಕೆ ಇಳಿಯಬಹುದು. ಆರು ತೂತುಗಳಿರುವ ಫ್ಲಾಂಜ್ ಒಂದಕ್ಕೊಂದು ಕೂಡಬೇಕಾದರೆ ಬಿಗಿ ಅಳತೆಗೆ ಹೋಗಬೇಡಿ. ಐದು ಬೋಲ್ಟು ಕೂತು ಆರನೆಯದು ಕೂರದೆ ಸಂಜೆಯವರೆಗೆ ಕಾಡುತ್ತದೆ.

ನಿಮ್ಮ ವಯಸ್ಸಿನಲ್ಲಿ ನಾನು ಮಾಡಿದ ಒಂದು ತಪ್ಪನ್ನು ಹೇಳಲೇಬೇಕು. ಮೇಸ್ತ್ರಿಯವರು ನಾಲ್ಕು ತಗಡಿನ ಪಟ್ಟಿ ಕೊಟ್ಟು ‘ಹದಿಮೂರನೇ ನಂಬರ್ ಬೋಲ್ಟಿಗೆ ತೂತು ಹಾಕು’ ಎಂದರು. ನಾನು ಶ್ರದ್ಧೆಯಿಂದ ಗುರುತು ಹಾಕಿ, ಪಂಚ್ ಹೊಡೆದು, ನಾಲ್ಕರಲ್ಲೂ 13 ಮಿ.ಮೀ. ತೂತು ಕೊರೆದೆ. ಹದಿಮೂರು ಎಂಬುದು ಸ್ಪ್ಯಾನರ್‌ನ ನಂಬರ್. ಅದಕ್ಕೆ ಹೊಂದುವ ಬೋಲ್ಟು ಎಂ8. ತೂತುಗಳ ಮೇಲೆ ಬೋಲ್ಟಿನ ತಲೆ ಅಂಚಿಗೆ ತಾಗಿಯೂ ತಾಗದಂತೆ ಕೂತಿತು. ನಾಲ್ಕು ಪಟ್ಟಿಯನ್ನೂ ವೆಲ್ಡಿಂಗ್‌ನಿಂದ ತುಂಬಿ, ಗ್ರೈಂಡ್ ಮಾಡಿ, ಮತ್ತೆ 9ರಲ್ಲಿ ಕೊರೆದೆ. ಇಂದಿಗೂ ನಮ್ಮ ಗ್ಯಾರೇಜುಗಳಲ್ಲಿ ‘ಹತ್ತನೇ ನಂಬರ್’ ಎಂದರೆ ಎಂ6, ‘ಹದಿಮೂರನೇ ನಂಬರ್’ ಎಂದರೆ ಎಂ8, ‘ಹದಿನೇಳನೇ ನಂಬರ್’ ಎಂದರೆ ಹೆಚ್ಚಾಗಿ ಎಂ10. ಬಾಯಿಮಾತಿನಲ್ಲಿ ಅಳತೆ ಬಂದಾಗ ಬೋಲ್ಟನ್ನೇ ಕೈಗೆ ಕೇಳಿ ಪಡೆಯಿರಿ.

ಪ್ರಶ್ನೆ: ಅಜ್ಜನ ಕಾಲದ ಅಕ್ಕಿ ಗಿರಣಿಯ ಪುಲ್ಲಿ ಸ್ಟ್ಯಾಂಡಿಗೆ ಅರ್ಧ ಇಂಚಿನ ಬೋಲ್ಟು ಬೇಕಾಗಿದೆ. ಪೇಟೆಯಿಂದ ತಂದ ಅರ್ಧ ಇಂಚಿನ ಬೋಲ್ಟು ಮೂರು ಸುತ್ತು ಹೋಗಿ ಸಿಕ್ಕಿಕೊಳ್ಳುತ್ತದೆ. 12 ಮಿ.ಮೀ. ಬೋಲ್ಟು ಸಡಿಲವಾಗಿ ಅಲ್ಲಾಡುತ್ತ ಹೋಗಿ, ಅದೂ ಸಿಕ್ಕಿಕೊಳ್ಳುತ್ತದೆ. ತೂತಿಗೆ ಮತ್ತೆ ಬಿಟ್ ಹಾಕಿ ದೊಡ್ಡದು ಮಾಡಲೇ? – ಗೃಹಸ್ಥರು, ತೀರ್ಥಹಳ್ಳಿ

ಉತ್ತರ: ಬಿಟ್ ಕೆಳಗಿಡಿ. ತೂತು ಸರಿಯಾಗಿಯೇ ಇದೆ. ತಂದ ಬೋಲ್ಟಿನ ಜಾತಿ ಬೇರೆ.

ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಮುಂದಿಟ್ಟ ಥ್ರೆಡ್ ಪದ್ಧತಿಯೇ ಬ್ರಿಟಿಷ್ ಕಾಲದ ಯಂತ್ರಗಳಲ್ಲೆಲ್ಲ ಬಂದಿತು. ಅದರ ಥ್ರೆಡ್ ಕೋನ 55 ಡಿಗ್ರಿ, ಏಣು ಮತ್ತು ತಳ ಎರಡೂ ದುಂಡಗೆ. ಅಮೆರಿಕದ ಕಡೆಯ ಥ್ರೆಡ್ ಕೋನ 60 ಡಿಗ್ರಿ. ಅಮೆರಿಕ, ಬ್ರಿಟನ್, ಕೆನಡಾ ಮೂರೂ 1948ರಲ್ಲಿ ಒಪ್ಪಿಕೊಂಡ ಯೂನಿಫೈಡ್ ಥ್ರೆಡ್ಡಿನದೂ ಅದೇ ಕೋನ, ಮೆಟ್ರಿಕ್ಕಿನದೂ ಅದೇ. ನಮ್ಮ ದೇಶ 1956ರ ಕಾನೂನಿನ ಮೂಲಕ ಮೆಟ್ರಿಕ್ ಪದ್ಧತಿಗೆ ಬಂದಿತಾದರೂ ಗಿರಣಿಯ ಸ್ಟ್ಯಾಂಡಿಗೆ ಆ ಸುದ್ದಿ ತಲುಪಿಲ್ಲ. ಈಗ ಮಜಾ ನೋಡಿ: ಕಾಲು ಇಂಚಿನಿಂದ ಮುಕ್ಕಾಲು ಇಂಚಿನವರೆಗಿನ ಸಾಮಾನ್ಯ ಬೋಲ್ಟುಗಳಲ್ಲಿ ವಿಟ್‌ವರ್ತ್ ಮತ್ತು ಒರಟು ಯೂನಿಫೈಡ್ ಎರಡಕ್ಕೂ ಇಂಚಿಗೆ ಅಷ್ಟೇ ಥ್ರೆಡ್. ಕಾಲು ಇಂಚಿಗೆ 20, 5/16ಕ್ಕೆ 18, 3/8ಕ್ಕೆ 16. ಕೋನ ಬೇರೆಯಾದರೂ ಒಂದರ ನಟ್ ಇನ್ನೊಂದರ ಮೇಲೆ ಹೇಗೋ ಓಡುತ್ತದೆ. ಅರ್ಧ ಇಂಚು ಒಂದರಲ್ಲಿ ಮಾತ್ರ ದಾರಿ ಬೇರೆ: ವಿಟ್‌ವರ್ತ್‌ಗೆ ಇಂಚಿಗೆ 12, ಯೂನಿಫೈಡ್‌ಗೆ 13. ನಿಮ್ಮ ಬೋಲ್ಟು ಮೂರನೇ ಸುತ್ತಿಗೆ ನಿಂತದ್ದು ಇದರಿಂದ. ಇನ್ನು ಎಂ12 ಬೋಲ್ಟಿನ ದಪ್ಪ 12 ಮಿ.ಮೀ., ಅರ್ಧ ಇಂಚು ಎಂದರೆ 12.7, ಪಿಚ್ಚೂ ಬೇರೆ; ಅದು ಅಲ್ಲಾಡಿ ಸಿಕ್ಕಿಕೊಂಡಿದ್ದರಲ್ಲಿ ಆಶ್ಚರ್ಯವಿಲ್ಲ.

ಅನುಮಾನ ಉಳಿದಿದ್ದರೆ ಆ ಸ್ಟ್ಯಾಂಡಿನ ಬೇರೆ ಹಳೆಯ ಬೋಲ್ಟೊಂದನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಬಿಳಿ ಕಾಗದದ ಮೇಲೆ ಬಲವಾಗಿ ಒತ್ತಿ, ಉರುಳಿಸದೆ ಎತ್ತಿರಿ. ಉಳಿದ ಎಣ್ಣೆಯ ಕಲೆ ಸಮನಾದ ಗೆರೆಗಳಾಗಿ ಮೂಡುತ್ತದೆ. ಶಾಲೆಯ ಸ್ಕೇಲಿನ ಇಂಚಿನ ಕಡೆಯನ್ನು ಅದರ ಮೇಲಿಟ್ಟು ಒಂದಿಂಚಿನಲ್ಲಿ ಎಷ್ಟು ಗೆರೆ ಎಂದು ಎಣಿಸಿ. ಹನ್ನೆರಡು ಬಂದರೆ ವಿಟ್‌ವರ್ತ್. ಅಂಗಡಿಯಲ್ಲಿ ‘ನಾಲ್ಕು ನೂಲಿನ ಬೋಲ್ಟು’ (ಒಂದು ನೂಲು ಎಂದರೆ ಇಂಚಿನ ಎಂಟನೇ ಒಂದು ಪಾಲು) ಎಂದಷ್ಟೇ ಕೇಳಿದರೆ ಯಾವುದನ್ನಾದರೂ ಕೊಟ್ಟಾರು; ಬಿ.ಎಸ್.ಡಬ್ಲ್ಯೂ. (ಬ್ರಿಟಿಷ್ ಸ್ಟ್ಯಾಂಡರ್ಡ್ ವಿಟ್‌ವರ್ತ್) ಎಂದು ಹೆಸರಿಟ್ಟು ಕೇಳಿ.

ಮುಂದೆ ಎಂದಾದರೂ ಇಂಚಿನ ಥ್ರೆಡ್ಡನ್ನು ಹೊಸದಾಗಿ ಹಾಕುವುದಿದ್ದರೆ ತೂತುಗಳು ಹೀಗೆ: ಕಾಲು ಇಂಚಿಗೆ 5.1, 5/16ಕ್ಕೆ 6.5, 3/8ಕ್ಕೆ 7.9, ಅರ್ಧ ಇಂಚು ವಿಟ್‌ವರ್ತ್‌ಗೆ 10.5, ಅರ್ಧ ಇಂಚು ಯೂನಿಫೈಡ್‌ಗೆ 10.8. ಇವುಗಳಲ್ಲಿ ಹೆಚ್ಚು ಮೋಸ ಮಾಡುವುದು 5/16. ಅದರ ಹೊರ ವ್ಯಾಸ 7.94, ಎಂ8ಕ್ಕೆ ಕೂದಲೆಳೆಯ ಅಂತರ. ಪಿಚ್ ಮಾತ್ರ 1.41, ಎಂ8ಗೆ 1.25. ಕೈಗೆ ಎರಡೂ ಒಂದೇ, ಥ್ರೆಡ್ಡಿಗೆ ಬೇರೆ ಬೇರೆ. ಒತ್ತಾಯದಿಂದ ಸ್ಪ್ಯಾನರ್ ಹಾಕಿ ತಿರುಗಿಸಿದರೆ ಎರಡರಲ್ಲಿ ಒಂದು ಕೆಡುತ್ತದೆ, ಸಾಮಾನ್ಯವಾಗಿ ಕೆಡುವುದು ದುಬಾರಿಯಾದದ್ದೇ.

ಪ್ರಶ್ನೆ: ಹೊನ್ನೆ ಮರದ ಹಳೆಯ ಬಾಗಿಲಿಗೆ ಹಿತ್ತಾಳೆಯ ಹೊಸ ತಿರುಗಣೆ ಹಾಕುತ್ತಿದ್ದೇನೆ. 8ನೇ ನಂಬರ್ ಹಿತ್ತಾಳೆ ಸ್ಕ್ರೂಗಳಿಗೆ 2.5 ಮಿ.ಮೀ. ತೂತು ಹಾಕಿದ್ದೆ. ನಾಲ್ಕರಲ್ಲಿ ಮೂರು ಸ್ಕ್ರೂಗಳು ಕತ್ತಿನಲ್ಲೇ ತುಂಡಾದವು. ಹಿತ್ತಾಳೆಯೇ ಕಳಪೆಯೇ? – ನಿವೃತ್ತ ಶಿಕ್ಷಕರು, ಕೊಪ್ಪ

ಉತ್ತರ: ಹಿತ್ತಾಳೆಯನ್ನು ದೂರುವ ಮೊದಲು ತೂತನ್ನು ನೋಡೋಣ. 2.5 ಎಂಬುದು ಮೆದು ಮರದ ಅಳತೆ. ಸಿಲ್ವರ್ ಓಕ್ ಹಲಗೆಯಾಗಿದ್ದರೆ ಸರಿಯಾಗುತ್ತಿತ್ತು. ಹೊನ್ನೆಗೆ, ಅದೂ ಎರಡು ತಲೆಮಾರು ಒಣಗಿದ ಹೊನ್ನೆಗೆ, ಅದು ಇಕ್ಕಟ್ಟು.

ಮರದ ಸ್ಕ್ರೂವಿನ ನಂಬರ್ ಬರಿಯ ಹೆಸರಲ್ಲ, ಅದರ ಹಿಂದೆ ಲೆಕ್ಕವಿದೆ. ನಂಬರನ್ನು 0.013 ಇಂಚಿನಿಂದ ಗುಣಿಸಿ, ಅದಕ್ಕೆ 0.060 ಇಂಚು ಸೇರಿಸಿದರೆ ಸ್ಕ್ರೂವಿನ ಕತ್ತಿನ ದಪ್ಪ ಸಿಗುತ್ತದೆ. 6ನೇ ನಂಬರ್ ಸುಮಾರು 3.5 ಮಿ.ಮೀ., 8ನೇ ನಂಬರ್ 4.2, 10ನೇ ನಂಬರ್ 4.8, 12ನೇ ನಂಬರ್ 5.5. ಥ್ರೆಡ್‌ಗಳ ನಡುವಿನ ದಿಂಡು ಇದರ ಮೂರರಲ್ಲಿ ಎರಡು ಪಾಲಿನಷ್ಟು ಅಥವಾ ತುಸು ಹೆಚ್ಚು. ಲೋಹದಲ್ಲಿ ಟ್ಯಾಪ್ ಮೊದಲೇ ಥ್ರೆಡ್ ಕೊರೆದು ಕೊಡುತ್ತದೆ. ಮರದಲ್ಲಿ ಸ್ಕ್ರೂ ತಾನೇ ಆ ಕೆಲಸ ಮಾಡಬೇಕು. ಆದ್ದರಿಂದ ದಿಂಡಿಗೆ ಜಾಗ ತೂತು ಕೊಡಬೇಕು, ಥ್ರೆಡ್‌ನ ಅಲಗು ಮಾತ್ರ ಮರವನ್ನು ಕಚ್ಚಬೇಕು. ಮೆದು ಮರ ತುಸು ಒತ್ತಿಕೊಂಡು ಜಾಗ ಬಿಡುತ್ತದೆ, ಅದರಲ್ಲಿ ದಿಂಡಿಗಿಂತ ಸಣ್ಣ ತೂತು ಹಿಡಿತಕ್ಕೆ ಒಳ್ಳೆಯದು. ಹೊನ್ನೆ, ಬೀಟೆ, ಮತ್ತಿಯಂಥ ಗಟ್ಟಿ ಮರಗಳು ಜಾಗ ಬಿಡುವುದಿಲ್ಲ, ಅವು ಸೀಳುತ್ತವೆ ಅಥವಾ ಸ್ಕ್ರೂವನ್ನು ಮುರಿಯುತ್ತವೆ. 8ನೇ ನಂಬರಿಗೆ ಹೊನ್ನೆಯಲ್ಲಿ 3 ಮಿ.ಮೀ. ಹಾಕಿ, ಬಿಗಿ ಎನಿಸಿದರೆ 3.2ರವರೆಗೆ ಹೋದರೂ ತೊಂದರೆಯಿಲ್ಲ. ಪಟ್ಟಿ ಹತ್ತಿರವಿಲ್ಲದಿದ್ದರೆ ಬೆಳಕಿಗೆ ಎದುರಾಗಿ ಸ್ಕ್ರೂವನ್ನು ಹಿಡಿದು, ಅದರ ಮುಂದೆ ಬಿಟ್ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ. ದಿಂಡು ಪೂರ್ತಿ ಮರೆಯಾಗಿ, ಥ್ರೆಡ್‌ನ ಹಲ್ಲುಗಳು ಮಾತ್ರ ಎರಡು ಕಡೆ ಕಾಣಿಸಿದರೆ ಗಟ್ಟಿ ಮರಕ್ಕೆ ಅದೇ ಬಿಟ್.

ಆದರೆ ನಿಮ್ಮ ಸ್ಕ್ರೂ ಮುರಿದದ್ದು ಕತ್ತಿನಲ್ಲಿ ಎಂದು ಬರೆದಿದ್ದೀರಿ. ಅದು ಇನ್ನೊಂದು ಕಡೆಗೂ ಬೆರಳು ತೋರಿಸುತ್ತದೆ. ಹಳೆಯ ಮಾದರಿಯ ಮರದ ಸ್ಕ್ರೂವಿನಲ್ಲಿ ತಲೆಯ ಕೆಳಗಿನ ಮೂರನೇ ಒಂದು ಪಾಲಿಗೆ ಥ್ರೆಡ್ ಇರುವುದಿಲ್ಲ, ಬರೀ 4.2ರ ನಯವಾದ ಕತ್ತು. ತಿರುಗಣೆಯ ತಗಡು ತೆಳುವಾದ್ದರಿಂದ ಆ ಕತ್ತು ಮರದೊಳಗೇ ಇಳಿಯಬೇಕು. 2.5ರ ತೂತಿನಲ್ಲಿ 4.2ರ ಕತ್ತು ಗೂಟದಂತೆ ಸಿಕ್ಕಿಕೊಂಡಿತು, ನೀವು ತಿರುಗಿಸುತ್ತಲೇ ಹೋದಿರಿ, ತಿರುಚುವ ಬಲವೆಲ್ಲ ಅಲ್ಲೇ ನಿಂತಿತು. ಆದ್ದರಿಂದ ತೂತು ಎರಡು ಹಂತದ್ದಾಗಬೇಕು: ಮೊದಲು ಸ್ಕ್ರೂವಿನ ಉದ್ದಕ್ಕೂ 3 ಮಿ.ಮೀ., ಆಮೇಲೆ ಕತ್ತಿನ ಉದ್ದಕ್ಕೆ ಮಾತ್ರ 4.2. ಬಿಟ್‌ಗೆ ಆಳದ ಗುರುತಾಗಿ ಒಂದು ಸುತ್ತು ಇನ್ಸುಲೇಷನ್ ಟೇಪು ಸುತ್ತಿಕೊಳ್ಳಿ.

ಹಿತ್ತಾಳೆಯ ವಿಷಯದಲ್ಲಿ ನಮ್ಮ ಕಡೆಯ ಆಚಾರಿಗಳು ಬೈರಿಗೆಯ ಕಾಲದಿಂದ ಪಾಲಿಸಿಕೊಂಡು ಬಂದ ಉಪಾಯವೊಂದಿದೆ. ಅದೇ ನಂಬರಿನ, ಅದೇ ಉದ್ದದ ಕಬ್ಬಿಣದ ಸ್ಕ್ರೂವನ್ನು ಮೊದಲು ಪೂರ್ತಿ ಇಳಿಸಿ, ಹಿಂದಕ್ಕೆ ತೆಗೆದು, ಅದು ಮಾಡಿದ ಹಾದಿಯಲ್ಲಿ ಹಿತ್ತಾಳೆಯದನ್ನು ಇಳಿಸುವುದು. ಕಬ್ಬಿಣದ್ದು ಟ್ಯಾಪ್‌ನ ಕೆಲಸ ಮಾಡಿಕೊಡುತ್ತದೆ. ಥ್ರೆಡ್‌ಗೆ ಮೇಣ ಸವರಿ. ಮಲೆನಾಡಿನಲ್ಲಿ ಜೇನುಮೇಣಕ್ಕೇನು ಬರ? ಸಾಬೂನು ಹಚ್ಚುವವರೂ ಇದ್ದಾರೆ, ಅದು ತೇವ ಹೀರುವುದರಿಂದ ನಾನು ಹಚ್ಚುವುದಿಲ್ಲ. ಬಾಗಿಲು ಮಳೆಗೆ ಮೈಯೊಡ್ಡುವುದಾದರೆ ಹಿತ್ತಾಳೆಯ ಆಯ್ಕೆಯೇ ಸರಿ, ಏಕೆಂದರೆ ಕಬ್ಬಿಣದ ಸ್ಕ್ರೂ ಒದ್ದೆಯಾದಾಗ ಟ್ಯಾನಿನ್ ಇರುವ ಮರದಲ್ಲಿ ಶಾಯಿಯಂಥ ಕಪ್ಪು ಕಲೆ ಬಿಡುತ್ತದೆ. ತುಂಡಾಗಿ ಒಳಗುಳಿದ ಮೂರನ್ನು ಕೀಳಲು ಮರ ಅಗೆಯಬೇಡಿ. ಹಿತ್ತಾಳೆ ಮೆದು, ನಡುವೆ ಪಂಚ್ ಹೊಡೆದು 3 ಮಿ.ಮೀ. ಬಿಟ್‌ನಿಂದ ನಿಧಾನವಾಗಿ ಕೊರೆದರೆ ಪುಡಿಯಾಗಿ ಬರುತ್ತದೆ.

ಪ್ರಶ್ನೆ: ನಮ್ಮದು ಜಂಬಿಟ್ಟಿಗೆ ಗೋಡೆ. 6 ಮಿ.ಮೀ. ಪ್ಲಗ್‌ಗೆ 6ರ ಬಿಟ್ ಹಾಕಿದರೂ ಪ್ಲಗ್ ಕೈಯಲ್ಲೇ ಕಿತ್ತು ಬರುತ್ತದೆ. – ಗೃಹಿಣಿ, ಹೊಸನಗರ

ಉತ್ತರ: ಡ್ರಿಲ್ ಮೆಷಿನ್ನಿನ ಹ್ಯಾಮರ್ ಗುಂಡಿಯನ್ನು ಬಂದ್ ಮಾಡಿ ಕೊರೆಯಿರಿ. ಜಂಬಿಟ್ಟಿಗೆಯೊಳಗೆ ಗಟ್ಟಿ ಕಾಳುಗಳ ನಡುವೆ ಮೆದು ಮಣ್ಣಿನಂಥ ಭಾಗವಿರುತ್ತದೆ. ಹ್ಯಾಮರ್ ಪೆಟ್ಟಿಗೆ ಬಿಟ್ ಕಾಳಿನಿಂದ ಜಾರಿ ಮೆದುವಿನತ್ತ ಸರಿಯುತ್ತದೆ, ತೂತು 7 ಅಥವಾ 8ಕ್ಕೆ ಹಿಗ್ಗುತ್ತದೆ. 5.5ರ ಕಲ್ಲಿನ ಬಿಟ್ ಸಿಕ್ಕರೆ ಅದನ್ನೇ ಹಾಕಿ. ಪ್ಲಗ್ ಉದ್ದನೆಯದಿರಲಿ, ಗಾರೆಯ ದಪ್ಪವನ್ನು ದಾಟಿ ಕಲ್ಲಿನೊಳಗೆ ಪೂರ್ತಿ ಕೂರಬೇಕು. 6ರ ಪ್ಲಗ್‌ಗೆ 8ನೇ ನಂಬರ್ ಸ್ಕ್ರೂ ಹೊಂದುತ್ತದೆ. 6ನೇ ನಂಬರ್ ಹಾಕಿದರೆ ಪ್ಲಗ್ ಸಾಕಷ್ಟು ಹಿಗ್ಗುವುದಿಲ್ಲ. ಈಗಾಗಲೇ ಹಿಗ್ಗಿದ ತೂತನ್ನು 8ರ ಬಿಟ್‌ನಿಂದ ಸರಿಮಾಡಿ, 8ರ ಪ್ಲಗ್, 10ನೇ ನಂಬರ್ ಸ್ಕ್ರೂ ಹಾಕಿಕೊಳ್ಳಿ.

ಪ್ರಶ್ನೆ: ಔಷಧಿ ಸಿಂಪಡಿಸುವ ಪಂಪಿನ ಅಲ್ಯೂಮಿನಿಯಂ ಬಾಡಿಯಲ್ಲಿ 6 ಮಿ.ಮೀ. ಬೋಲ್ಟು ತೆಗೆಯುವಾಗ ಥ್ರೆಡ್ ಪೂರ್ತಿ ಬೋಲ್ಟಿಗೇ ಅಂಟಿ ಹೊರಗೆ ಬಂತು. 8ರ ಬೋಲ್ಟಿಗೆ ತೂತು ದೊಡ್ಡದು ಮಾಡಬಹುದೇ? – ಯುವ ಕೃಷಿಕರು, ಸೊರಬ

ಉತ್ತರ: ಅಲ್ಯೂಮಿನಿಯಂ ಮೆದುವಾಗಿದ್ದರಿಂದ ಹೀಗಾಯಿತೆಂದು ನೀವು ಭಾವಿಸಿರಬಹುದು; ಅದರ ಪಾಲು ಇದ್ದರೂ ಮುಖ್ಯ ಅಪರಾಧಿ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ. ಅದರಲ್ಲಿರುವ ಮೈಲುತುತ್ತದ ತಾಮ್ರವು ಕಬ್ಬಿಣವನ್ನೂ ಅಲ್ಯೂಮಿನಿಯಮನ್ನೂ ತಿನ್ನುತ್ತದೆ. ಬೋಲ್ಟಿನ ಸುತ್ತ ಬಿಳಿ ಪುಡಿ ಕಂಡಿದ್ದರೆ ಅದು ಅಲ್ಯೂಮಿನಿಯಂ ಸವೆದ ಗುರುತು. ಹಾಗೆ ಅಂಟಿಕೊಂಡ ಬೋಲ್ಟು ತಿರುಗಿದಾಗ ಥ್ರೆಡ್ಡನ್ನೂ ಸುತ್ತಿಕೊಂಡೇ ಬರುತ್ತದೆ.

ತೂತಿನ ಸುತ್ತ ಉಳಿಯುವ ಲೋಹದ ಗೋಡೆಯನ್ನು ಮೊದಲು ಅಳೆಯಿರಿ. ಎಂ8 ಹಾಕಿದ ಮೇಲೂ ನಾಲ್ಕೂ ಕಡೆ 4 ಮಿ.ಮೀ. ಉಳಿಯುವಂತಿದ್ದರೆ 6.8ರಲ್ಲಿ ಕೊರೆದು ಎಂ8 ಟ್ಯಾಪ್ ಹಾಕಬಹುದು. ಮುಚ್ಚಳದ ತೂತನ್ನೂ 9ಕ್ಕೆ ಹಿಗ್ಗಿಸಬೇಕಾಗುತ್ತದೆ ಎಂಬುದನ್ನು ನೆನಪಿಡಿ. ಆದರೆ ಇಂಥ ಪಂಪುಗಳ ಬೋಲ್ಟಿನ ಗುಬ್ಬಿಗಳು, ಅಂದರೆ ಬೋಲ್ಟು ಇಳಿಯುವ ಉಬ್ಬುಗಳು, ಸಣ್ಣವು, ಅಷ್ಟು ಗೋಡೆ ಸಿಗುವುದು ಅಪರೂಪ. ನನ್ನ ಸಲಹೆ ಹೆಲಿಕಾಯಿಲ್ ಎಂಬ ತಂತಿ ಸುರುಳಿ. ಎಂ6 ಸುರುಳಿಗೆ 6.2 ಅಥವಾ 6.3ರ ತೂತು ಕೊರೆದು, ಅದರ ಜೊತೆಗೇ ಬರುವ ಬೇರೆ ಟ್ಯಾಪ್‌ನಿಂದ ಥ್ರೆಡ್ ಹಾಕಿ, ಸುರುಳಿಯನ್ನು ತಿರುಗಿಸಿ ಕೂರಿಸಿದರೆ ಮೊದಲಿನ 6ರ ಬೋಲ್ಟೇ ನಡೆಯುತ್ತದೆ. ಸ್ಟೇನ್‌ಲೆಸ್ ತಂತಿಯಾದ್ದರಿಂದ ಹಳೆಯ ಥ್ರೆಡ್‌ಗಿಂತ ಇದೇ ಗಟ್ಟಿ. ಸಾಮಾನ್ಯ ಎಂ6 ಟ್ಯಾಪ್ ಇದಕ್ಕೆ ಬಳಕೆಗೆ ಬಾರದು. ಅಲ್ಯೂಮಿನಿಯಂ ಬಿಟ್‌ನ ಅಂಚಿಗೆ ಅಂಟಿಕೊಳ್ಳುವ ಜಾತಿ, ಅದಕ್ಕೆ ಸೀಮೆಎಣ್ಣೆ ಹನಿಸುತ್ತಿರಿ.

ಹೊಸ ತೂತು ಹಾಕುವುದೇ ಆದರೆ ಅಲ್ಯೂಮಿನಿಯಮ್ಮಿನಲ್ಲಿ ಬೋಲ್ಟಿನ ಎರಡು ಪಟ್ಟು ಆಳದ ಹಿಡಿತವಿರಲಿ, ಎಂ6ಗೆ 12 ಮಿ.ಮೀ. ಉಕ್ಕಿನಲ್ಲಿ 6 ಮಿ.ಮೀ. ಸಾಕಾಗುವ ಕಡೆ ಇಲ್ಲಿ ಇಷ್ಟು ಬೇಕು. ಬೋಲ್ಟು ಕೂರಿಸುವ ಮೊದಲು ತುಸು ಗ್ರೀಸ್ ಸವರಿದರೆ ಮುಂದಿನ ವರ್ಷ ಅದು ಒಬ್ಬಂಟಿಯಾಗಿಯೇ ಹೊರಗೆ ಬರುತ್ತದೆ.

ಪ್ರಶ್ನೆ: ಇಷ್ಟೆಲ್ಲ ಅಳತೆಗೆ ಎಷ್ಟು ಬಿಟ್ ಕೊಳ್ಳಬೇಕು? ಪೆಟ್ಟಿಗೆಯಲ್ಲಿ ಬರುವ 1ರಿಂದ 10ರವರೆಗಿನ ಸೆಟ್ ಸಾಲದೇ? – ಐ.ಟಿ.ಐ. ವಿದ್ಯಾರ್ಥಿ, ಭದ್ರಾವತಿ

ಉತ್ತರ: ಅರ್ಧ ಅರ್ಧ ಮಿ.ಮೀ. ಏರಿಕೆಯ ಆ ಸೆಟ್ ನೋಡಲು ಚೆಂದ, ಆದರೆ ಟ್ಯಾಪ್ ಹಾಕುವವರಿಗೆ ಹೆಚ್ಚು ಬೇಕಾಗುವ ಅಳತೆಗಳೇ ಅದರಲ್ಲಿಲ್ಲ. ಎಂ3ರ 2.5, ಎಂ6ರ 5, ಎಂ10ರ 8.5 ಸಿಗುತ್ತವೆ, ಎಂ4ರ 3.3, ಎಂ5ರ 4.2, ಎಂ8ರ 6.8 ಮೂರೂ ಇಲ್ಲ. ಪೆಟ್ಟಿಗೆಯಲ್ಲಿರುವ 6.5 ಅಥವಾ 7 ಹಾಕುವ ಪ್ರಸಂಗ ಬರುವುದು ಇದರಿಂದಲೇ. ನಾನಾದರೆ ಸೆಟ್ ಕೊಳ್ಳದೆ, ಎಚ್.ಎಸ್.ಎಸ್. (ಹೈ ಸ್ಪೀಡ್ ಸ್ಟೀಲ್) ಉಕ್ಕಿನ 2.5, 3.3, 4.2, 5, 6.8, 8.5 ಇಷ್ಟನ್ನು ತಲಾ ಎರಡರಂತೆ ಬಿಡಿಯಾಗಿ ಕೊಳ್ಳುತ್ತೇನೆ. ಬೋಲ್ಟು ತೂರಲು 4.5, 5.5, 6.6, 9 ಒಂದೊಂದು. 4.2 ಎರಡು ಕೆಲಸಕ್ಕೆ ಬರುತ್ತದೆ, ಎಂ5ರ ಟ್ಯಾಪಿಗೂ 8ನೇ ನಂಬರ್ ಮರದ ಸ್ಕ್ರೂವಿನ ಕತ್ತಿಗೂ. ತಗಡಿನ ಸ್ವಯಂ ಥ್ರೆಡ್ ಸ್ಕ್ರೂಗಳಿಗೆ 3.2 ಒಂದು ಇರಲಿ, 1 ಮಿ.ಮೀ. ತಗಡಿನಲ್ಲಿ 8ನೇ ನಂಬರಿಗೆ ಅದು ಸರಿಹೋಗುತ್ತದೆ, 2 ಮಿ.ಮೀ. ತಗಡಾದರೆ 3.5.

ಎಂ12ಕ್ಕೆ ಬೇಕಾದ 10.2ನ್ನು ಕೊಳ್ಳುವ ಮೊದಲು ನಿಮ್ಮ ಮೆಷಿನ್ನಿನ ಚಕ್, ಅಂದರೆ ಬಿಟ್ ಹಿಡಿಯುವ ಬಾಯಿ, ನೋಡಿಕೊಳ್ಳಿ. ಮನೆಬಳಕೆಯ ಹೆಚ್ಚಿನ ಡ್ರಿಲ್‌ಗಳ ಚಕ್ 10 ಮಿ.ಮೀ.ಗೆ ನಿಲ್ಲುತ್ತದೆ, 10.2ರ ಬಿಟ್ ಅದರ ಬಾಯಿಗೆ ಹಿಡಿಸುವುದಿಲ್ಲ. ಹಿಡಿ ಸಣ್ಣಗೆ ಮಾಡಿದ ಬಿಟ್ ಕೇಳಿ ತನ್ನಿ, ಇಲ್ಲವೇ 13ರ ಚಕ್ ಇರುವವರ ಮನೆ ಬಾಗಿಲು ತಟ್ಟಿ.